ಹಾಕದೇ ಇಟ್ಟ ಜೋರ್ಡನ್ 3

ಇವತ್ತು ಡಬ್ಬಿ ತೆರೆದರೆ ನೈಕಿಯ ಬ್ಯಾಸ್ಕೆಟ್‌ಬಾಲ್ ಶೂ ಏರ್ ಜೋರ್ಡನ್ 3ರ ಅಟ್ಟೆ ರಸ್ಕಿನ ಹಾಗೆ ಉದುರಿತು. ಒಂದು ದಿನವೂ ಕಾಲಿಗೆ ಹಾಕಿರದ ಜೋಡಿ!

ಹಾಕದೇ ಇಟ್ಟಿದ್ದಕ್ಕೇ ಉಳಿಯುತ್ತದೆ ಅನ್ನೋದು ತಪ್ಪು ಲೆಕ್ಕ. ನಡು ಅಟ್ಟೆ ಪಾಲಿಯುರೆಥೇನ್ ಅನ್ನೋ ನೊರೆಯಂಥ ಪ್ಲಾಸ್ಟಿಕ್. ಗಾಳಿಯ ತೇವ ಒಳಹೊಕ್ಕು ಅದರ ರಾಸಾಯನಿಕ ಕೊಂಡಿಗಳನ್ನು ಮೆಲ್ಲಗೆ ಕಡಿಯುತ್ತದೆ. ಮುಚ್ಚಿದ ಡಬ್ಬಿ, ಸೆಕೆ ಸೇರಿದರೆ ಇನ್ನೂ ಬೇಗ. 1985ರ ಜೋರ್ಡನ್ 1ರದ್ದು ರಬ್ಬರಿನ ಬಟ್ಟಲಂಥ ಅಟ್ಟೆ, ಅದು ಹೀಗೆ ಪುಡಿಯಾಗಲ್ಲ.

ಆದರೂ ಮನಸ್ಸು 3ರ ಮೇಲೇ. 1988ರಲ್ಲಿ ಬಂದ ಇದು ನೈಕಿಯ ವಿನ್ಯಾಸಕಾರ ಟಿಂಕರ್ ಹ್ಯಾಟ್‌ಫೀಲ್ಡ್ ಮಾಡಿದ್ದು. ಮೂಲತಃ ವಾಸ್ತುಶಿಲ್ಪಿ. ಹಿಮ್ಮಡಿಯಲ್ಲಿ ಕಿಟಕಿ ಕೊರೆದು ಒಳಗಿನ ಗಾಳಿಚೀಲ ತೋರಿಸಿದರು. ಜೋರ್ಡನ್ ಸಾಲಿನಲ್ಲಿ ಅದೇ ಮೊದಲು. ತುದಿಗೆ, ಹಿಮ್ಮಡಿಗೆ ಆನೆ ಚರ್ಮದ ಬಿರುಕಿನಂಥ ಅಚ್ಚು. ಎಷ್ಟು ಚೆಂದ!

ಹಳೇ ಜೋಡಿ ಕೊಳ್ಳೋರು ಹಿಮ್ಮಡಿ ನೋಡಿ. ಮೂಲದಲ್ಲಿ 'ನೈಕಿ ಏರ್' ಅಂತಿತ್ತು, ಆಮೇಲಿನ ಎಷ್ಟೋ ರೆಟ್ರೋಗಳಲ್ಲಿ (ಅದೇ ಮಾದರಿಯ ಮರುಬಿಡುಗಡೆಗಳಲ್ಲಿ) ಹಾರುವ ಆಟಗಾರ ಮೈಕಲ್ ಜೋರ್ಡನ್‌ರ ಗುರುತು. ಆಮೇಲೆ ನಡು ಅಟ್ಟೆಯನ್ನು ಹೆಬ್ಬೆರಳಲ್ಲಿ ಮೆಲ್ಲಗೆ ಒತ್ತಿ. ಬಣ್ಣ ಸೀಳಿದರೆ, ಅಂಟಂಟಾದರೆ, ಅದು ನೋಡೋಕೆ ಮಾತ್ರ.

ಮೇಲ್ಭಾಗದ ಚರ್ಮ ಗಟ್ಟಿಯಿದ್ದರೆ ಅದೇ ಅಳತೆಯ ಹೊಸ ರೆಟ್ರೋದ ಅಟ್ಟೆ ಬಿಡಿಸಿ ಇದಕ್ಕೆ ಅಂಟಿಸಬಹುದು. ಹಳೇ ಅಂಟು ಪೂರ್ತಿ ಉಜ್ಜಿ ತೆಗೆಯದಿದ್ದರೆ ಮಾತ್ರ ತುದಿಯಿಂದಲೇ ಬಿಟ್ಟುಕೊಳ್ಳುತ್ತೆ.