36 ಇಂಚು ಸಾಲಲ್ಲ: ಐಸ್ ಡ್ಯಾಮ್ ಜೊತೆ ಜಗಳ

ಮಿನ್ನೆಸೋಟದ ನಮ್ಮನೆ ಉತ್ತರದ ಬೆಡ್‌ರೂಮ್ ಸೀಲಿಂಗ್ ಯಾಕೆ ಸೋರ್ತಿತ್ತು ಅಂತ ಕೊನೆಗೂ ಗೊತ್ತಾಯ್ತು: ಐಸ್ ಡ್ಯಾಮ್! ಅಂದ್ರೆ ಮನೆಯ ಬಿಸಿಗೆ ಚಾವಣಿ ಮೇಲೆ ಕರಗಿದ ಹಿಮ ತಣ್ಣಗಿನ ಸೂರಿನ ಅಂಚಲ್ಲಿ ಮತ್ತೆ ಗಡ್ಡೆಕಟ್ಟಿ, ನೀರಿಗೆ ಅಡ್ಡವಾಗಿ ನಿಲ್ಲೋ ಕಟ್ಟೆ. ಹಳೇ ಶಿಂಗಲ್ (ಚಾವಣಿ ಮೇಲೆ ಹೊದಿಸೋ ತುಂಡುಗಳು) ಕಿತ್ತಿದ್ದು, ಮೊಳೆ ಹೆಕ್ಕಿದ್ದು, ಡಂಪ್‌ಸ್ಟರ್ ತುಂಬಿಸಿದ್ದು ಎಲ್ಲಾ ಬಿಡಿ, ಮಾಡಿರೋರಿಗೆ ಗೊತ್ತೇ ಇರತ್ತೆ. ಸೂರಿನ ಅಂಚಿಂದ ಟೇಪ್ ಹಿಡಿದ್ರೆ 36 ಇಂಚಿನವರೆಗೆ ಪ್ಲೈವುಡ್ ಗಟ್ಟಿಯಾಗಿದೆ, ಅಲ್ಲಿಂದ ಮೇಲಕ್ಕೆ ಗೆರೆ ಎಳೆದ ಹಾಗೆ ಕಪ್ಪು, ಸ್ಕ್ರೂಡ್ರೈವರ್ ಚುಚ್ಚಿದ್ರೆ ಪದರ ಪದರವಾಗಿ ಎದ್ದು ಬರತ್ತೆ. ಹಿಂದಿನೋರು ಐಸ್ ಬ್ಯಾರಿಯರ್ ಮೆಂಬ್ರೇನ್ (ಶಿಂಗಲ್ ಅಡಿಗೆ ಅಂಟಿಸೋ, ನೀರು ತಡೆಯೋ ಹಾಳೆ) ಒಂದೇ ಸಾಲು ಹಾಕಿ ನಿಲ್ಸಿದ್ರು, ಐಸ್ ಹಿಂದೆ ನಿಂತ ನೀರು ಅದನ್ನ ದಾಟಿ ಶಿಂಗಲ್ ಅಡಿಯಿಂದ ಒಳಗಿಳಿದಿದೆ.

ಕೋಡ್‌ನಲ್ಲಿ, ಅಂದ್ರೆ ಮನೆ ಕಟ್ಟೋ ನಿಯಮಗಳಲ್ಲಿ, ಇರೋದು (ಐಆರ್‌ಸಿ ಆರ್905.1.2) ಸೂರಿಂದ ಇಷ್ಟು ಇಂಚು ಅಂತಲ್ಲ, ಹೊರಗೋಡೆಯ ಗೆರೆಯಿಂದ ಒಳಕ್ಕೆ ಕನಿಷ್ಠ 24 ಇಂಚು ಅಂತ. ಇದನ್ನ ಅಡ್ಡಕ್ಕೆ ಅಳೀಬೇಕು, ಇಳಿಜಾರಿನ ಮೇಲಲ್ಲ. ನಮ್ಮನೆ ಓವರ್‌ಹ್ಯಾಂಗ್ (ಗೋಡೆಯಿಂದ ಹೊರಗೆ ಚಾಚಿದ ಸೂರು) 24 ಇಂಚು, ಇಳಿಜಾರು 6:12, ಅಂದ್ರೆ ಅಡ್ಡಕ್ಕೆ 12 ಇಂಚು ಹೋದ್ರೆ 6 ಇಂಚು ಏರಿಕೆ. 24 ಪ್ಲಸ್ 24 ಅಂದ್ರೆ 48, ಅದನ್ನ ಇಳಿಜಾರಿನ ಮೇಲಿನ ಉದ್ದಕ್ಕೆ ತಿರುಗಿಸೋಕೆ 1.118ರಿಂದ ಗುಣಿಸಿದ್ರೆ ಹತ್ತಿರ ಹತ್ತಿರ 54 ಇಂಚು, ಗೋಡೆ ದಪ್ಪ 6 ಇಂಚನ್ನೂ ಸೇರಿಸಿ ಒಳಮೈಯಿಂದ ಹಿಡಿದ್ರೆ 60 ದಾಟತ್ತೆ. ರೋಲ್ ಅಗಲ 36. ಹಾಗಾಗಿ ಎರಡು ಸಾಲು ಬೇಕೇ ಬೇಕು, 4 ಇಂಚು ಓವರ್‌ಲ್ಯಾಪ್ ಬಿಟ್ರೂ 68 ಸಿಗತ್ತೆ.

ಅಂಗಡಿಯವ್ನು ಮಾತ್ರ "ಎಲ್ರೂ ಒಂದೇ ಸಾಲು ಹಾಕೋದು" ಅಂತ ಹೇಳಿ ಎರಡೇ ರೋಲ್ ಕಳ್ಸಿದ್ದ, ಅದೂ ರಾತ್ರಿಯೆಲ್ಲಾ ಚಳಿಯಲ್ಲಿ ಹೊರಗಿಟ್ಟಿದ್ದು! 40 ಫ್ಯಾರನ್‌ಹೀಟ್‌ಗಿಂತ ಕೆಳಗಿದ್ರೆ ಅಂಟು ಹಿಡಿಯಲ್ಲ ಅಂತ ಪ್ಯಾಕೆಟ್ ಮೇಲೇ ಬರ್ದಿದೆ, ಮಾರೋರಾದ್ರೂ ಒಂದ್ಸಲ ಓದ್ಬಾರ್ದಾ. ರೋಲ್‌ಗಳನ್ನ ಮನೆಯೊಳಗಿಟ್ಟು, ಬಿಸಿಲು ಬಿದ್ದ ಮಧ್ಯಾಹ್ನ ಸೂರಿನ ಡ್ರಿಪ್ ಎಡ್ಜ್ (ಅಂಚಿನ ಲೋಹದ ಪಟ್ಟಿ) ಮೇಲೆ ಬರೋ ಹಾಗೆ ಅಂಟಿಸಿ ರೋಲರ್ ಎಳೆದೆ. ಶಿಂಗಲ್ ಮುಚ್ಚೋ ಮುಂಚೆ ಟೇಪ್ ಇಟ್ಟು ಫೋಟೋ ತೆಗೀರಿ, ಆಮೇಲೆ ಯಾರಿಗೂ ತೋರ್ಸೋಕಾಗಲ್ಲ.

ವಾರಂಟಿ ವಿಷ್ಯ ಇನ್ನೂ ಬೇಜಾರು. ಶಿಂಗಲ್ ವಾರಂಟಿ ತಯಾರಿಕೆಯ ದೋಷಕ್ಕೆ ಮಾತ್ರ, ಐಸ್ ಡ್ಯಾಮ್‌ನಿಂದ ಆದ ಹಾನಿ ಹೊರಗೆ, ಅಟಿಕ್ (ಚಾವಣಿ ಅಡಿಯ ಖಾಲಿ ಜಾಗ) ವೆಂಟಿಲೇಶನ್ ಸರಿಯಿಲ್ದಿದ್ರೂ ಹೊರಗೆ. ಮೆಂಬ್ರೇನ್ ಬರೀ ನೀರು ತಡೆಯತ್ತೆ, ಐಸ್ ಕಟ್ಟೋದನ್ನ ತಡೆಯಲ್ಲ. ಅದಕ್ಕೇ ಅಟಿಕ್ ಹತ್ತಿದೆ: ಬಾತ್‌ರೂಮ್ ಫ್ಯಾನ್ ಡಕ್ಟ್ ಬಿಸಿಗಾಳಿನ ನೇರ ಅಟಿಕ್‌ಗೇ ಬಿಡ್ತಿತ್ತು, ಸೆಲ್ಯುಲೋಸ್ (ಬಿಸಿ ತಡೆಯೋಕೆ ತುಂಬಿದ ಇನ್ಸುಲೇಶನ್) ಹೋಗಿ ಸಾಫಿಟ್ ವೆಂಟ್, ಅಂದ್ರೆ ಸೂರಿನ ಅಡಿಯ ಗಾಳಿ ಕಿಂಡಿ, ಮುಚ್ಚಿತ್ತು. ಈಗ ಡಕ್ಟ್ ಹೊರಗಡೆಗೆ ತಿರುಗಿಸಿ, ಪ್ರತಿ ರಾಫ್ಟರ್ (ಚಾವಣಿ ತೊಲೆ) ಸಂದಿಗೂ ಇನ್ಸುಲೇಶನ್ ತಡೆಯೋ ಬ್ಯಾಫಲ್ ಹಾಕಿ ಕೋಡ್ ಕೇಳೋ 1 ಇಂಚು ಗಾಳಿ ದಾರಿ ಬಿಟ್ಟಿದೀನಿ. ಅಟಿಕ್ 1200 ಚದರಡಿ, ಅದರ 1/300 ಭಾಗ ವೆಂಟ್ ಇರ್ಬೇಕು ಅನ್ನೋ ಲೆಕ್ಕಕ್ಕೆ 4 ಚದರಡಿ ವೆಂಟ್ ಸಾಕು, ಆದ್ರೆ ಇಲ್ಲಿನ ಚಳಿಗೆ ಒಳಬದಿಯಲ್ಲಿ ವೇಪರ್ ರಿಟಾರ್ಡರ್ (ನೀರಾವಿ ತಡೆಯೋ ಪದರ) ಇರ್ಬೇಕು, ವೆಂಟ್‌ನ 40ರಿಂದ 50 ಪರ್ಸೆಂಟ್ ಮೇಲ್ಭಾಗದಲ್ಲಿರ್ಬೇಕು, ಇಲ್ದಿದ್ರೆ 1/150.

ಮುಂದಿನದು ಗ್ಯಾರೇಜ್. ಅದು ಬೇರೆ ಕಟ್ಟಡ, ಬಿಸಿ ಮಾಡಲ್ಲ, ಹಾಗಾಗಿ ಐಸ್ ಬ್ಯಾರಿಯರ್‌ನಿಂದ ಕೋಡಲ್ಲೇ ವಿನಾಯಿತಿ. ಆದ್ರೆ ಚಳಿಗಾಲದಲ್ಲೂ ಮರಗೆಲಸ ಮಾಡೋಕೆ ಅಲ್ಲಿ ಹೀಟರ್ ಇಡೋ ಆಸೆ, ಇಟ್ರೆ ವಿನಾಯಿತಿ ಹೋಗತ್ತೆ. ಅದಕ್ಕೆ ಈ ಸಲ ಶಿಂಗಲ್ ಬದಲಾಯಿಸುವಾಗಲೇ ಅಲ್ಲೂ ಎರಡು ಸಾಲು ಹಾಕ್ತೀನಿ, ಬೇರೆ ಅಂಗಡಿಯಿಂದ ತಂದು.