ಜಂಕೆಟ್ ಅಂದ್ರೆ ಔತಣ ಅಂತ ಹೆಡ್ಡಿಂಗ್ ಕೊಟ್ಟ ರಾತ್ರಿ

ಪತ್ರಿಕೆಯ ಡೆಸ್ಕಿಗೆ ಸೇರಿ ಇನ್ನೂ 3 ತಿಂಗಳಾಗಿರ್ಲಿಲ್ಲ, ನೈಟ್ ಶಿಫ್ಟು. ನ್ಯೂಸ್ ಏಜೆನ್ಸಿಯಿಂದ ಇಂಗ್ಲಿಷ್ ಕಾಪಿ ಬಂತು, ಶಾಸಕರ ಫಾರಿನ್ ಟೂರನ್ನ ವಿರೋಧ ಪಕ್ಷದವ್ರು ಜಂಕೆಟ್ ಅಂತ ಬೈದಿದ್ರು. ಪದ ಗೊತ್ತಿಲ್ಲ, ಪೇಜ್ ಬಿಡೋಕೆ 20 ನಿಮಿಷ ಇದೆ, ಡಿಕ್ಷನರಿ ತೆಗ್ದೆ, ಔತಣ ಅಂತ ಕಣ್ಣಿಗೆ ಬಿತ್ತು, ಮುಂದಕ್ಕೆ ಓದೋ ತಾಳ್ಮೆ ಯಾರಿಗಿತ್ತು, 'ಶಾಸಕರ ವಿದೇಶಿ ಔತಣಕ್ಕೆ ಆಕ್ಷೇಪ' ಅಂತ ಹೆಡ್ಡಿಂಗ್ ಹೊಡೆದು ಕಳಿಸ್ಬಿಟ್ಟೆ. ಚೀಫ್ ಸಬ್ ಎಡಿಟರ್ ಪ್ರೂಫ್ ಹಿಡ್ಕೊಂಡು ನನ್ ಟೇಬಲ್ ಹತ್ರ ಬಂದು ಕೇಳಿದ್ರು, "ಊಟಕ್ಕೆ ಏನೇನಿತ್ತಂತೆ?"

ಡಿಕ್ಷನರಿ ಸುಳ್ಳೇನೂ ಹೇಳಿರ್ಲಿಲ್ಲ ಅನ್ನೋದೇ ತಮಾಷೆ. ಮಾರನೇ ದಿನ ಕೂತು ನೋಡಿದ್ರೆ ಪದದ ಬುಡ ಜೊಂಡುಹುಲ್ಲಲ್ಲಿದೆ! ಲ್ಯಾಟಿನ್‌ನಲ್ಲಿ ಜೊಂಡಿಗೆ ಯುಂಕುಸ್ ಅಂತಾರೆ. ಹಾಲು ಒಡೆಸಿ ಜೊಂಡಿನ ಬುಟ್ಟೀಲೋ ಚಾಪೆ ಮೇಲೋ ಹಾಕಿ ನೀರು ಬಸಿದ್ರೆ ಮೆತ್ತಗಿನ ಚೀಸು, ಇಟಲೀಲಿ ಈಗ್ಲೂ ಜುಂಕಾತಾ ಅಂತ ಮಾಡ್ತಾರೆ. ಪದ ಫ್ರೆಂಚ್ ದಾಟಿ ಇಂಗ್ಲೆಂಡಿಗೆ ಬಂದ್ಮೇಲೆ ಬುಟ್ಟಿ ಹೋಯ್ತು, ಉಗುರು ಬೆಚ್ಚಗಿನ ಹಾಲಿಗೆ ಸಕ್ಕರೆ, ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕಿ ಗಟ್ಟಿ ಮಾಡಿ ಮೇಲೆ ಜಾಯಿಕಾಯಿ ತುರಿದು ತಿನ್ನೋದು ಜಂಕೆಟ್ ಆಯ್ತು. ನೋಡೋಕೆ ನಮ್ಮ ಗಿಣ್ಣಿನ ತಂಗಿ ಥರಾನೇ, ಆದ್ರೆ ಗಿಣ್ಣಿಗೆ ರೆನೆಟ್ ಬೇಕಾಗಲ್ಲ, ಕರು ಹಾಕಿದ ಹಸುವಿನ ಮೊದಲ ಹಾಲು ಬಿಸಿಗೇ ಗಟ್ಟಿಯಾಗುತ್ತೆ. ಸಿಹಿ ಇದ್ದಲ್ಲಿ ಜನ ಸೇರ್ತಾರಲ್ಲ, 16ನೇ ಶತಮಾನದ ಹೊತ್ತಿಗೆ ಔತಣಕ್ಕೂ ಮೋಜುಕೂಟಕ್ಕೂ ಅದೇ ಹೆಸ್ರು. ಆಮೇಲೆ 19ನೇ ಶತಮಾನದ ಅಮೆರಿಕದಲ್ಲಿ ಪಿಕ್‌ನಿಕ್ಕು, ಟ್ರಿಪ್ಪು, ಕೊನೆಗೆ ಜನರ ತೆರಿಗೆ ದುಡ್ಡಲ್ಲಿ ಅಧಿಕಾರದಲ್ಲಿರೋರು ಸುತ್ತೋ ಟ್ರಿಪ್ಪು. ನನ್ನ ಔತಣ ಬರೀ ಕೆಲವು ಶತಮಾನ ಲೇಟಾಗಿತ್ತು ಅಷ್ಟೇ.

ಚೀಫ್ ಸಬ್ ಪ್ರೂಫ್ ಅಂಚಲ್ಲಿ ಕೆಂಪು ಪೆನ್ನಲ್ಲಿ 'ಯಾರದೋ ದುಡ್ಡು ಎಲ್ಲಮ್ಮನ ಜಾತ್ರೆ' ಅಂತ ಬರೆದಿದ್ರು. ಇದಕ್ಕಿಂತ ಚೆನ್ನಾಗಿ ಯಾವ ಡಿಕ್ಷನರೀನೂ ಹೇಳಲ್ಲ ಅಂತ ನಂಗೀಗ್ಲೂ ಅನ್ಸುತ್ತೆ, ಸಿಂಗಲ್ ಕಾಲಮ್ಮಲ್ಲಿ ಹಿಡಿಯಲ್ಲ ಅನ್ನೋದೊಂದೇ ಕಷ್ಟ, ಪ್ರಿಂಟಾಗಿದ್ದು 'ಮೋಜಿನ ಪ್ರವಾಸ'. ಅವತ್ತಿಂದ ಡಿಕ್ಷನರೀಲಿ ಮೊದಲನೇ ಅರ್ಥಕ್ಕೇ ನಿಲ್ಲಲ್ಲ, ಕಾಪಿಯ ವಾಕ್ಯಾನ ಪಕ್ಕದಲ್ಲಿಟ್ಕೊಂಡು ಕೊನೇ ಅರ್ಥದ ತನಕ ಹೋಗ್ತೀನಿ.

ಮೊನ್ನೆ ಸಿನಿಮಾ ಪೇಜಿನ ಹೊಸ ಹುಡುಗ ಪ್ರೆಸ್ ಜಂಕೆಟ್‌ನ 'ಪತ್ರಕರ್ತರ ಮೋಜಿನ ಪ್ರವಾಸ' ಮಾಡಿದ್ದ, ಇದ್ದದ್ದು ಹೀರೋ ಒಂದು ಹೋಟೆಲ್ ರೂಮಲ್ಲಿ ಕೂತು ಬೆಳಗ್ಗಿಂದ ಸಾಲಾಗಿ ಇಂಟರ್‌ವ್ಯೂ ಕೊಟ್ಟ ಸುದ್ದಿ. ಪ್ರಿಂಟೌಟ್ ಹಿಡ್ಕೊಂಡು ಎದ್ದು ಹೋಗಿ ಕೇಳ್ದೆ, "ಯಾವೂರಿಗೆ ಹೋಗಿದ್ರಂತೆ?"