ಒಂದು ಬಾಗಿಲು, ಎರಡು ಬೀಗ

2008ರ ಮೇ ತಿಂಗಳು, ದಿಮಾಪುರದ ನಮ್ಮ ಯಾರ್ಡ್. ಬೆಳಿಗ್ಗೆ ಆರೂವರೆ ಅಷ್ಟೇ. ಆದರೆ ಆ ಕಡೆ ನಾಲ್ಕೂವರೆಗೇ ಬೆಳಕು ಹರಿಯುತ್ತದೆ, ಬಿಸಿಲು ಆಗಲೇ ಚುರುಕಾಗಿತ್ತು. ಪಿಕಪ್ ಗಾಡಿಗೆ ಐದು ಬ್ಯಾರಲ್ ಡೀಸೆಲ್ ಏರಿಸಿ ಹಗ್ಗ ಬಿಗಿದಾಗಿತ್ತು. ಡ್ರೈವರ್ ಹತ್ತಿರ ಬಂದು "ಸರ್, ಬ್ರೇಕ್ ಸರಿ ಇಲ್ಲ" ಅಂದ. ಬ್ರೇಕ್ ಲೈನಿಂಗ್ ಹೊಸದಾಗಿ ಹಾಕಿಸಿದ ಬಿಲ್ಲಿಗೆ ಹಿಂದಿನ ಸಂಜೆಯಷ್ಟೇ ನಾನು ಸಹಿ ಮಾಡಿದ್ದೆ. ಎಲ್ಲರ ಎದುರಿಗೇ ಬೈದೆ. ಕಳ್ಳಾಟ, ಸೋಮಾರಿತನ, ಇನ್ನೂ ಏನೇನೋ. ಅವನು ಎದುರು ಮಾತಾಡಲಿಲ್ಲ. ಗಾಡಿಯ ಕೀಲಿಯನ್ನು ಬಾನೆಟ್ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಸರಿದು ನಿಂತ.

ನಾನು ದಾವಣಗೆರೆ ಕಡೆಯವನು. ಮೊಬೈಲ್ ಟವರ್‌ಗಳ ನಿರ್ವಹಣೆ ಮಾಡುವ ಗುತ್ತಿಗೆ ಕಂಪನಿಯೊಂದರಲ್ಲಿ ಸೂಪರ್‌ವೈಸರ್. ನಾಗಾಲ್ಯಾಂಡ್‌ಗೆ ಹೋಗಿ ಎರಡು ತಿಂಗಳಾಗಿತ್ತು. ಬೆಟ್ಟದ ಮೇಲಿನ ಸೈಟ್‌ಗಳಲ್ಲಿ ಕರೆಂಟ್ ನೆಚ್ಚಿಕೊಳ್ಳುವ ಹಾಗಿಲ್ಲ, ಜನರೇಟರ್ ಓಡಲೇಬೇಕು. ಹಾಗಾಗಿ ನಮ್ಮ ಕೆಲಸದಲ್ಲಿ ಮುಕ್ಕಾಲು ಪಾಲು ಡೀಸೆಲ್ ಸಾಗಿಸುವುದು, ಅಳೆಯುವುದು, ಕಳುವಾಗದ ಹಾಗೆ ಕಾಯುವುದು. ನಾನು ಕಲಿತ ಮೊದಲ ನಾಗಾಮೀಸ್ ಮಾತೇ "ಡೀಸೆಲ್ ಆಸೆ?" ಅಲ್ಲಿ 'ಆಸೆ' ಅಂದರೆ 'ಇದೆ'. ಇಲ್ಲದಿದ್ದರೆ 'ನಾಯ್'. ಕನ್ನಡದ ಕಿವಿಗೆ ಮೊದಮೊದಲು ನಗು ಬರುತ್ತಿತ್ತು.

ನಮ್ಮ ಫೋರ್‌ಮನ್ ಆವೊ ಬುಡಕಟ್ಟಿನವರು, ಮೊಕೊಕ್‌ಚುಂಗ್ ಕಡೆಯವರು. ಐವತ್ತೈದು ದಾಟಿತ್ತು, ಎಲ್ಲರೂ 'ಅಂಕಲ್' ಅಂತಲೇ ಕರೆಯುತ್ತಿದ್ದರು. ಅವರು ನನ್ನನ್ನು ಪಕ್ಕಕ್ಕೆ ಕರೆದು ಲಾಲ್ ಚಾ ಕೊಟ್ಟರು. ಹಾಲಿಲ್ಲದ ಕೆಂಪು ಚಹಾ ಅದು.

"ಅವನು ತಾಂಗ್‌ಖುಲ್. ನೀವು ಕಳಿಸ್ತಾ ಇರೋದು ಜುನ್ಹೆಬೊಟೊಗೆ. ಅದು ಸುಮಿಗಳ ಊರು" ಅಂದರು.

"ಎಲ್ರೂ ನಾಗಾಗಳೇ ಅಲ್ವಾ ಅಂಕಲ್?"

ಅವರು ನಕ್ಕರು. "ನೀವು, ತಮಿಳರು ಎಲ್ರೂ ಸೌತ್ ಇಂಡಿಯನ್ನೇ ಅಲ್ವಾ ಸರ್? ಕಾವೇರಿ ನೀರಿನ ಗಲಾಟೆ ಬಂದಾಗ ತಮಿಳುನಾಡಿನ ಗಾಡಿ ತಗೊಂಡು ಮಂಡ್ಯಕ್ಕೆ ಹೋಗ್ತೀರಾ?"

ನನ್ನ ಬಾಯಿ ಮುಚ್ಚಿತು.

ಆ ವರ್ಷದ ಪರಿಸ್ಥಿತಿ ಗೊತ್ತಿಲ್ಲದೆ ಆ ಮಾತಿನ ತೂಕ ಗೊತ್ತಾಗುವುದಿಲ್ಲ. ನಾಗಾಗಳಿಗೆ ಬೇರೆ ದೇಶ ಬೇಕು ಎಂದು ಬಂದೂಕು ಹಿಡಿದ ಚಳವಳಿಯ ದೊಡ್ಡ ಬಣ ಎನ್‌ಎಸ್‌ಸಿಎನ್ ಐಎಂ. ಆ ಎರಡಕ್ಷರ ಇಬ್ಬರು ನಾಯಕರದು: ಐಸಾಕ್ ಚಿಶಿ ಸ್ವೂ ಸುಮಿ, ಮುಯಿವಾ ಮಣಿಪುರದ ಉಖ್ರುಲ್ ಕಡೆಯ ತಾಂಗ್‌ಖುಲ್. ಹೆಸರಿನಲ್ಲಿ ಇಬ್ಬರೂ ಇದ್ದರು, ಆದರೆ ಯಜಮಾನಿಕೆ ತಾಂಗ್‌ಖುಲ್‌ಗಳದೇ ಎಂಬ ಮಾತು ಬಹಳ ದಿನದಿಂದ ಓಡಾಡುತ್ತಿತ್ತು. 2007ರಲ್ಲಿ ವಿರೋಧಿ ಬಣದವರು, ತಾಂಗ್‌ಖುಲ್‌ಗಳು ನಾಗಾಲ್ಯಾಂಡ್ ಬಿಟ್ಟು ಹೋಗಬೇಕು ಎಂದು ನೋಟಿಸ್ ಕೊಟ್ಟರು. ದಿಮಾಪುರದ ವುಂಗ್ರಾಮ್ ಕಾಲೊನಿಯಲ್ಲಿ ಅವರ ಮನೆಗಳು ಸುಟ್ಟವು. ಅದೇ ನವೆಂಬರ್‌ನಲ್ಲಿ ಐಎಂನಿಂದ ಒಂದು ಗುಂಪು ಹೊರಬಂದು ಹೊಸ ಬಣ ಕಟ್ಟಿತು. ಅದಕ್ಕಿಟ್ಟ ಹೆಸರು 'ಯೂನಿಫಿಕೇಶನ್'. ಒಗ್ಗಟ್ಟಿನ ಹೆಸರಲ್ಲಿ ಇನ್ನೊಂದು ಬಣ! ಆಮೇಲೆ ದಿಮಾಪುರ, ಜುನ್ಹೆಬೊಟೊ ಸುತ್ತ ಬಣಗಳ ಮಧ್ಯೆ ಗುಂಡಿನ ಕಾಳಗ. ನಮ್ಮ ಡ್ರೈವರ್‌ನ ಚಿಕ್ಕಮ್ಮನ ಮನೆ ಆ ಕಾಲೊನಿಯಲ್ಲಿತ್ತು. ಅವನು ಅದನ್ನು ಹೇಳುವ ಬದಲು ಬ್ರೇಕ್ ಸರಿ ಇಲ್ಲ ಅಂದಿದ್ದ. ನಾನು ಅವನನ್ನು ಕಳ್ಳ ಅಂದಿದ್ದೆ.

ಸಂಜೆ ಕ್ಷಮೆ ಕೇಳಿದೆ. "ಹೋಬೊ ಸರ್" ಅಂದ. ಆಯ್ತು ಬಿಡಿ ಅನ್ನುವ ಹಾಗೆ.

ಇಷ್ಟಕ್ಕೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ತಪ್ಪು ತಿದ್ದುವ ಹುರುಪಿನಲ್ಲಿ ಡ್ಯೂಟಿ ಚಾರ್ಟನ್ನೇ ಬದಲಾಯಿಸಿದೆ. ಸುಮಿ ಹುಡುಗರು ಜುನ್ಹೆಬೊಟೊ ಕಡೆಗೆ, ಆವೊಗಳು ಮೊಕೊಕ್‌ಚುಂಗ್‌ಗೆ, ಲೋಥಾಗಳು ವೋಖಾಗೆ, ಕೊನ್ಯಾಕ್ ಹೆಲ್ಪರ್ ಮೋನ್‌ಗೆ, ತಾಂಗ್‌ಖುಲ್ ಡ್ರೈವರ್ ದಿಮಾಪುರ ಪೇಟೆಯೊಳಗೆ. ಹೆಡ್ ಆಫೀಸಿನಿಂದ ಶಹಬ್ಬಾಸ್‌ಗಿರಿ ಕೂಡ ಬಂತು, ಏಕೆಂದರೆ ಟ್ರಿಪ್‌ಗಳು ನಿಲ್ಲಲಿಲ್ಲ. ಮೂರು ತಿಂಗಳು ಕಳೆಯುವಷ್ಟರಲ್ಲಿ ಯಾರ್ಡ್‌ನಲ್ಲಿ ಮೂರು ಚಹಾ ಕೆಟಲ್ ಆದವು. ಒಂದರಲ್ಲಿ ಕಾಯಿಸಿದ್ದನ್ನು ಇನ್ನೊಂದು ಗುಂಪು ಕುಡಿಯುತ್ತಿರಲಿಲ್ಲ. ಬೇರೆಯವರ ಸೈಟ್‌ನಲ್ಲಿ ಬ್ಯಾಟರಿ ಕೆಟ್ಟರೆ ಫೋನ್ ಎತ್ತುವವರಿಲ್ಲ.

ಆಮೇಲೆ ಯಾರ್ಡ್ ಸ್ಟೋರ್‌ನಿಂದಲೇ ಅರವತ್ತು ಲೀಟರ್ ಡೀಸೆಲ್ ಮಾಯವಾಯಿತು. ವಿಚಾರಿಸಿದೆ. ಕಳ್ಳ ಯಾರು ಅಂತ ಒಬ್ಬರಿಗೂ ಗೊತ್ತಿರಲಿಲ್ಲ. ಕಳ್ಳನ ಬುಡಕಟ್ಟು ಯಾವುದು ಅಂತ ಮಾತ್ರ ಎಲ್ಲರಿಗೂ ಗೊತ್ತಿತ್ತು. ಅದೂ ಒಬ್ಬೊಬ್ಬರಿಗೆ ಒಂದೊಂದು.

ಭಾನುವಾರ ನಾಗಾಲ್ಯಾಂಡ್‌ನಲ್ಲಿ ಅಂಗಡಿಗಳು ಮುಚ್ಚಿರುತ್ತವೆ, ಊರೆಲ್ಲ ಚರ್ಚಿಗೆ ಹೋಗುತ್ತದೆ. ಚರ್ಚ್ ಮುಗಿಸಿ ಅಂಕಲ್ ಯಾರ್ಡ್‌ಗೆ ಬರುತ್ತಿದ್ದರು. ಮನೆಯ ಪಾಲುಪಟ್ಟಿ ಜಗಳ ಹೇಳುವ ಹಾಗೆ ಚಳವಳಿಯ ಕಥೆ ಹೇಳುತ್ತಿದ್ದರು. 1947ರ ಆಗಸ್ಟ್ 14ಕ್ಕೆ ನಾಗಾ ನ್ಯಾಷನಲ್ ಕೌನ್ಸಿಲ್ ಸ್ವಾತಂತ್ರ್ಯ ಘೋಷಿಸಿತು. 1951ರಲ್ಲಿ ಊರೂರು ತಿರುಗಿ ಜನಮತ ತೆಗೆದುಕೊಂಡರು. ಬಹುಶಃ ಅಷ್ಟು ಒಗ್ಗಟ್ಟು ಮತ್ತೆ ಬರಲೇ ಇಲ್ಲ ಅನ್ನುತ್ತಿದ್ದರು ಅಂಕಲ್. ನಾಯಕ ಫಿಜೊ ಖೊನೊಮಾ ಊರಿನ ಅಂಗಾಮಿ. ಅದೇ ಊರಿನ ಸಖ್ರೀ ಕೌನ್ಸಿಲ್‌ನ ಕಾರ್ಯದರ್ಶಿ. ಬಂದೂಕಿನ ದಾರಿ ಬೇಡ ಎಂದು ದೂರ ಸರಿದಿದ್ದ ಸಖ್ರೀ 1956ರಲ್ಲಿ ಕೊಲೆಯಾದರು. ಅಂದರೆ ಮೊದಲ ಬಿರುಕು ಬಿಟ್ಟಿದ್ದು ಒಂದೇ ಬುಡಕಟ್ಟಿನ ಒಂದೇ ಊರಿನೊಳಗೆ. ಬುಡಕಟ್ಟಿನ ಲೆಕ್ಕ ಆಮೇಲೆ ಸೇರಿಕೊಂಡಿತು. 1968ರಲ್ಲಿ ಸುಮಿ ಸೇನಾನಿ ಕೈಟೊನನ್ನು ಕೊಹಿಮಾದಲ್ಲಿ ಕೊಂದರು. ಅದೇ ವರ್ಷ ಸುಮಿ ನಾಯಕರು ಬೇರೆಯಾಗಿ ತಮ್ಮದೇ 'ಕ್ರಾಂತಿಕಾರಿ ಸರ್ಕಾರ' ಕಟ್ಟಿದರು, 1973ರಲ್ಲಿ ಶಸ್ತ್ರ ಕೆಳಗಿಟ್ಟರು.

ಭಾರತದ ಸಂವಿಧಾನ ಒಪ್ಪಿ ಶಸ್ತ್ರ ಕೆಳಗಿಡುತ್ತೇವೆ ಎಂದ 1975ರ ಶಿಲ್ಲಾಂಗ್ ಒಪ್ಪಂದದ ಬಗ್ಗೆ ಅಂಕಲ್‌ಗೆ ಜಾಸ್ತಿ ಸಿಟ್ಟು. ಸಹಿ ಮಾಡಿದವರು ಕೆಲವರು. ಲಂಡನ್‌ನಲ್ಲಿದ್ದ ಫಿಜೊ ಒಪ್ಪಿದೆ ಅಂತಲೂ ಹೇಳಲಿಲ್ಲ, ಒಪ್ಪಲ್ಲ ಅಂತಲೂ ಹೇಳಲಿಲ್ಲ. ಆ ಮೌನ ಎಲ್ಲರನ್ನೂ ಕಚ್ಚಿತು ಅನ್ನುತ್ತಿದ್ದರು. ಒಪ್ಪದವರು 1980ರಲ್ಲಿ ಎನ್‌ಎಸ್‌ಸಿಎನ್ ಕಟ್ಟಿದರು: ಐಸಾಕ್, ಮುಯಿವಾ, ಮ್ಯಾನ್ಮಾರ್ ಕಡೆಯ ನಾಗಾ ಖಪ್ಲಾಂಗ್. ಎಂಟೇ ವರ್ಷ. ಒಬ್ಬರು ದೆಹಲಿ ಜೊತೆ ಗುಟ್ಟಾಗಿ ಮಾತಾಡುತ್ತಿದ್ದಾರೆ ಅಂತ ಇನ್ನೊಬ್ಬರಿಗೆ ಅನುಮಾನ. 1988ರ ಏಪ್ರಿಲ್ 30ರಂದು ಐಸಾಕ್, ಮುಯಿವಾ ಕಡೆಯವರ ಶಿಬಿರದ ಮೇಲೇ ಖಪ್ಲಾಂಗ್ ಕಡೆಯವರ ದಾಳಿಯಾಯಿತು, ಸತ್ತವರಲ್ಲಿ ತಾಂಗ್‌ಖುಲ್‌ಗಳೇ ಜಾಸ್ತಿ. ಐಎಂ ಒಂದು ಬಣ, ಖಪ್ಲಾಂಗ್ ಇನ್ನೊಂದು ಬಣ ಆಯಿತು. ಸರಿಯಾಗಿ ಎರಡು ವರ್ಷಕ್ಕೆ, 1990ರ ಏಪ್ರಿಲ್ 30ಕ್ಕೆ ಫಿಜೊ ಲಂಡನ್‌ನಲ್ಲಿ ತೀರಿಕೊಂಡರು.

ದೆಹಲಿ, ಸೇನೆ, ಸೇನೆಗಿರುವ ವಿಶೇಷ ಅಧಿಕಾರದ ಕಾನೂನು, ಇವೆಲ್ಲ ಈ ಕಥೆಯಲ್ಲಿ ಬೇಕಾದಷ್ಟಿವೆ. ಅದನ್ನು ಬರೆಯಲು ನನಗಿಂತ ತಿಳಿದವರಿದ್ದಾರೆ. ಡೀಸೆಲ್ ಲೆಕ್ಕ ನೋಡುವವನಾಗಿ ನನಗೆ ಕಂಡಿದ್ದು ಇಷ್ಟು: ಪ್ರತಿ ಸಲ ಒಡೆದಾಗಲೂ ಹಿಂದೆ ಒಂದೇ ಪ್ರಶ್ನೆ ಇತ್ತು. ಒಳಗೆ ಏನು ನಡೀತಿದೆ ಅಂತ ಯಾರಿಗೆ ಗೊತ್ತು, ಯಾರಿಗೆ ಗೊತ್ತಿಲ್ಲ? ಯಾರ ಸಹಿ, ಯಾರ ಕೈಯಲ್ಲಿ ಕೀಲಿ? ನನ್ನ ಯಾರ್ಡ್‌ನಲ್ಲೂ ಸ್ಟೋರ್ ಕೀಲಿ ನನ್ನ ಹತ್ತಿರ ಒಂದು, ನಾನು ಇಲ್ಲದಾಗ ಅಂಕಲ್ ಹತ್ತಿರ. ಆವೊಗಳೆಲ್ಲ ಕದೀತಾರೆ ಅನ್ನುವ ಮಾತಿಗೆ ಅಷ್ಟು ಸಾಕಿತ್ತು.

ಹಳೆ ಚಾರ್ಟ್ ಹರಿದೆ. ಯಾವ ರಸ್ತೆಗೆ ಹೋಗಲು ಆಗುತ್ತೆ, ಯಾವುದಕ್ಕೆ ಆಗಲ್ಲ ಅಂತ ಒಬ್ಬೊಬ್ಬರನ್ನೇ ಒಳಗೆ ಕರೆದು ಕೇಳಿದೆ. ಕಾರಣ ಹೇಳಬೇಕಿಲ್ಲ, ಬ್ರೇಕ್ ನೆಪವೂ ಬೇಡ ಅಂದೆ. ಬ್ಯಾರಲ್ ಇಡುವ ಕೋಣೆಗೆ ಎರಡು ಬೀಗ ಹಾಕಿಸಿದೆ. ಒಂದರ ಕೀಲಿ ತಾಂಗ್‌ಖುಲ್ ಡ್ರೈವರ್‌ಗೆ, ಇನ್ನೊಂದು ಸುಮಿ ಟೆಕ್ನಿಷಿಯನ್‌ಗೆ. ಇಬ್ಬರೂ ಬಾರದೆ ಬಾಗಿಲು ತೆರೆಯುವಂತಿಲ್ಲ. ಡೀಸೆಲ್ ಎಷ್ಟಿದೆ ಅಂತ ಅಳೆಯುವ ಡಿಪ್ ಕಡ್ಡಿ ಒಬ್ಬ ಇಳಿಸಬೇಕು, ಇನ್ನೊಬ್ಬ ಓದಬೇಕು. ಲಾಗ್‌ಬುಕ್‌ನಲ್ಲಿ ಎರಡು ಸಹಿ.

ಮೊದಲ ವಾರ ಇಬ್ಬರೂ ಪರಸ್ಪರ ಮುಖ ನೋಡುತ್ತಿರಲಿಲ್ಲ. ಎತ್ತು ಏರಿಗೆಳೆದರೆ ಕೋಣ ನೀರಿಗೆ. ಒಬ್ಬ ಏಳಕ್ಕೆ ಬಂದರೆ ಇನ್ನೊಬ್ಬ ಬೇಕಂತಲೇ ಎಂಟಕ್ಕೆ. ಒಂದು ದಿನ ಡಿಪ್ ಕಡ್ಡಿ ಮೇಲಿನ ಗುರುತು ಸವೆದಿದೆ ಅಂತ ಇಬ್ಬರೂ ಸೇರಿ ನನ್ನ ಹತ್ತಿರ ದೂರು ತಂದರು. ಒಟ್ಟಿಗೆ ಬಂದಿದ್ದು ಅದೇ ಮೊದಲು. ಹೊಸ ಕಡ್ಡಿ ತರಿಸಲು ನಾನು ಬೇಕಂತಲೇ ಎರಡು ವಾರ ತಡ ಮಾಡಿದೆ. ಈಗ ಹೇಳಿದರೆ ಪರವಾಗಿಲ್ಲ.

ತಪ್ಪು ಇನ್ನೂ ಒಂದು ಉಳಿದಿತ್ತು. ಅದನ್ನು ತೋರಿಸಿದವನು ಕೊನ್ಯಾಕ್ ಹೆಲ್ಪರ್. ತುಂಬಾ ಮೆತ್ತಗಿನ ಹುಡುಗ, ಬ್ಯಾರಲ್ ಉರುಳಿಸುವುದು, ಕೇಬಲ್ ಹೊರುವುದು ಎಲ್ಲಾ ಅವನದೇ. "ಸರ್, ಎರಡು ಕೀಲಿ ಇಬ್ಬರಿಗೆ ಕೊಟ್ರಿ. ನಮಗೆ ಹೊರೋ ಕೆಲ್ಸ ಮಾತ್ರ ಅಲ್ವಾ?" ಅಂದ. ಪೂರ್ವದ ಮೋನ್, ತುಯೆನ್ಸಾಂಗ್, ಲೋಂಗ್ಲೆಂಗ್, ಕಿಫಿರೆ ಜಿಲ್ಲೆಗಳ ಜನ ಆಗ ರಾಜ್ಯದ ಮಟ್ಟದಲ್ಲೂ ಇದನ್ನೇ ಹೇಳುತ್ತಿದ್ದರು. ಮುಂದುವರಿದ ಬುಡಕಟ್ಟುಗಳೇ ನೌಕರಿ, ರಸ್ತೆ, ಅಧಿಕಾರ ಎಲ್ಲಾ ಹಂಚಿಕೊಂಡವು ಎಂಬ ಸಿಟ್ಟು ಅದು. 2010ರಲ್ಲಿ ಪೂರ್ವ ನಾಗಾಲ್ಯಾಂಡ್ ಜನರ ಸಂಘಟನೆ ಇಎನ್‌ಪಿಒ ತಮಗೆ ಬೇರೆ ರಾಜ್ಯವೇ ಬೇಕು ಎಂದು ಕೇಂದ್ರಕ್ಕೆ ಮನವಿ ಕೊಟ್ಟಿತು. ಜಗಳ ಆಡುವ ಇಬ್ಬರು ದೊಡ್ಡವರನ್ನು ಕೂರಿಸಿ ರಾಜಿ ಮಾಡಿದರೆ ಒಗ್ಗಟ್ಟು ಬಂತು ಅಂತ ನಾವು ಅಂದುಕೊಳ್ಳುತ್ತೇವೆ. ಜಗಳಕ್ಕೇ ಕರೆಯದ ಮೂರನೆಯವನು ಮೂಲೆಯಲ್ಲಿ ನಿಂತಿರುತ್ತಾನೆ. ಸ್ಟೋರ್ ಹೊರಗೆ ಒಂದು ಕಪ್ಪು ಹಲಗೆ ಹಾಕಿಸಿದೆ, ಸೀಮೆಸುಣ್ಣ ಅವನ ಕೈಗೆ ಕೊಟ್ಟೆ. ಇಬ್ಬರೂ ಅಳತೆಯನ್ನು ಅವನಿಗೆ ಕೂಗಿ ಹೇಳಬೇಕು, ಅವನು ಎಲ್ಲರಿಗೂ ಕಾಣುವ ಹಾಗೆ ಬರೆಯಬೇಕು. ಅವನಿಗೆ ಸರಿ ಅನ್ನಿಸದಿದ್ದರೆ ಮತ್ತೆ ಅಳೆಸಬಹುದು. ಮೂರನೇ ದಿನವೇ ಮತ್ತೆ ಅಳೆಸಿದ! ನಾಲ್ಕು ಲೀಟರ್ ವ್ಯತ್ಯಾಸ ಸಿಕ್ಕಿತು.

ಅದೇ ಹೊತ್ತಿಗೆ ಹೊರಗೂ ಗಾಳಿ ಸ್ವಲ್ಪ ತಿರುಗಿತ್ತು. ಚರ್ಚಿನವರು, ಜನಸಂಘಟನೆಗಳವರು ಸೇರಿ 2008ರಲ್ಲಿ ನಾಗಾ ರಾಜಿ ವೇದಿಕೆ ಕಟ್ಟಿದ್ದರು. ಬಣದವರನ್ನು ಥಾಯ್ಲೆಂಡ್‌ನ ಚಿಯಾಂಗ್ ಮಾಯ್‌ಗೆ ಕರೆದೊಯ್ದು ಮಾತಾಡಿಸಿದರು, ಒಟ್ಟಿಗೆ ಫುಟ್‌ಬಾಲ್ ಆಡಿಸಿದರು. 2009ರ ಜೂನ್ 13ಕ್ಕೆ ಐಸಾಕ್ ಸ್ವೂ, ಖಪ್ಲಾಂಗ್ ಮತ್ತು ನಾಗಾ ನ್ಯಾಷನಲ್ ಕೌನ್ಸಿಲ್ ಕಟ್ಟಿದ್ದ ಹಳೆಯ ಫೆಡರಲ್ ಸರ್ಕಾರದ ಸಿಂಗ್ನ್ಯಾ, ಮೂವರೂ ಒಂದೇ ರಾಜಿ ಕಾಗದಕ್ಕೆ ಸಹಿ ಹಾಕಿದರು. ಅಂಕಲ್ ಆ ದಿನದ ಪೇಪರ್ ಮಡಚಿ ಶರ್ಟ್ ಜೇಬಿನಲ್ಲಿಟ್ಟುಕೊಂಡು ಓಡಾಡಿದರು. ಆಮೇಲೂ ಬಣಗಳು ಒಡೆದವು, 2011ರಲ್ಲಿ ಖಪ್ಲಾಂಗ್ ಬಣವೇ ಎರಡಾಯಿತು. ಆದರೂ ಮೊದಲಿನಷ್ಟು ಹೆಣ ಬೀಳಲಿಲ್ಲ. ಆ ಮೇಲೆ ಡ್ರೈವರ್ ತಾನಾಗಿಯೇ ಜುನ್ಹೆಬೊಟೊ ಟ್ರಿಪ್ ಕೇಳಿದ.

2012ರ ಆಗಸ್ಟ್ ಬಗ್ಗೆ ಹೇಳದೆ ಬಿಟ್ಟರೆ ಸುಳ್ಳಾಗುತ್ತದೆ. ಹಲ್ಲೆ ಆಗುತ್ತೆ ಅಂತ ವದಂತಿ ಹಬ್ಬಿ ಬೆಂಗಳೂರಿನಿಂದ ಈಶಾನ್ಯದವರು ಸಾವಿರಾರು ಸಂಖ್ಯೆಯಲ್ಲಿ ಗುವಾಹಟಿ ರೈಲು ಹತ್ತಿದರಲ್ಲ, ಅವರಲ್ಲಿ ಡ್ರೈವರ್‌ನ ತಂಗಿ ಇದ್ದಳು, ಟೆಕ್ನಿಷಿಯನ್‌ನ ತಮ್ಮನೂ ಇದ್ದ. ಒಬ್ಬಳು ಬ್ಯೂಟಿ ಪಾರ್ಲರ್, ಒಬ್ಬ ಸೆಕ್ಯುರಿಟಿ. ಬೆಂಗಳೂರಿನಲ್ಲಿ ಅವರನ್ನು ಯಾರೂ ಸುಮಿಯಾ, ತಾಂಗ್‌ಖುಲ್ಲಾ ಅಂತ ಕೇಳಿರಲಿಲ್ಲ. ಮುಖ ನೋಡಿದ್ದಷ್ಟೇ. ಅವರನ್ನು ಕರೆತರಲು ಡ್ರೈವರ್, ಟೆಕ್ನಿಷಿಯನ್ ಇಬ್ಬರೂ ದಿಮಾಪುರ ಸ್ಟೇಷನ್ನಿಗೆ ಒಂದೇ ಪಿಕಪ್‌ನಲ್ಲಿ ಹೋದರು, ನಾನೂ ಹಿಂದೆ ಕೂತಿದ್ದೆ. ಕನ್ನಡದವನು ಅಂತ ಆ ರಾತ್ರಿ ನನಗೆ ಬಾಯಿ ಬರಲಿಲ್ಲ. ಸ್ಟೇಷನ್ನಿನಿಂದ ಹೊರಬಂದ ಮೇಲೆ ಇಬ್ಬರೂ ತಮ್ಮ ತಮ್ಮ ಕಾಲೊನಿಗೆ ಬೇರೆ ಬೇರೆ ಆಟೊ ಹಿಡಿದರು.

2013ರ ಅಕ್ಟೋಬರ್ 31ಕ್ಕೆ ದಿಮಾಪುರದ ಕ್ಲಾಕ್ ಟವರ್ ಹತ್ತಿರ ಜನ ಸೇರಿ 'ಒಂದು ಸರ್ಕಾರ, ಒಂದು ತೆರಿಗೆ' ಅಂದರು. ಬಣಗಳೆಲ್ಲ ಜನರಿಂದ ತೆರಿಗೆ ವಸೂಲಿ ಮಾಡಿ ಬಣಕ್ಕೊಂದು ರಶೀದಿ ಹರಿಯುವುದು ಸಾಕಾಗಿತ್ತು ಎಲ್ಲರಿಗೂ. ಅಂಕಲ್ ಜೊತೆ ನಾನೂ ಹೋಗಿ ದೂರ ನಿಂತು ನೋಡಿದೆ.

ಎರಡೇ ತಿಂಗಳಲ್ಲಿ ಮತ್ತೆ ಹಳೆ ಗಾಯ. ಡಿಸೆಂಬರ್ 21ರಂದು ಐಎಂ ಸದಸ್ಯರು ಇಬ್ಬರು ಸುಮಿ ಹೆಣ್ಣುಮಕ್ಕಳ ಮೇಲೆ ಕೈ ಮಾಡಿದರು ಎಂಬ ಸುದ್ದಿಗೆ ಸುಮಿಗಳು ಎದ್ದು ನಿಂತರು. ಜುನ್ಹೆಬೊಟೊ ಜಿಲ್ಲೆಯ ಮುಕಾಲಿಮಿಯಲ್ಲಿದ್ದ ಐಎಂ ಶಿಬಿರಕ್ಕೆ ಸಾವಿರಾರು ಜನ ಮುತ್ತಿಗೆ ಹಾಕಿದರು. ನಮ್ಮ ಡ್ರೈವರ್ ಕ್ರಿಸ್‌ಮಸ್‌ಗೆ ಉಖ್ರುಲ್‌ಗೆ ಹೊರಟಿದ್ದ. ಹೋಗುವ ಮುಂಚೆ ಕೀಲಿ ನನ್ನ ಕೈಗೆ ಕೊಡುತ್ತಾನೆ ಅಂದುಕೊಂಡಿದ್ದೆ. ನಿಯಮ ಅದೇ. ಅವನು ಸುಮಿ ಟೆಕ್ನಿಷಿಯನ್ ಕೈಗೆ ಕೊಟ್ಟು ಬಸ್ ಹತ್ತಿದ್ದ.

ಜನವರಿಯಲ್ಲಿ ಆಡಿಟ್‌ಗೆ ಬಂದವರು ಲಾಗ್‌ಬುಕ್ ತೆರೆದು ಹನ್ನೊಂದು ದಿನ ಬೆರಳಿಟ್ಟು ತೋರಿಸಿದರು. ಎರಡೂ ಕೀಲಿ ಒಬ್ಬನ ಹತ್ತಿರ, ಇದು ನಿಯಮ ಉಲ್ಲಂಘನೆ ಅಂದರು. ಹೌದು ಅಂದೆ. ಎರಡನೇ ಸಹಿಯ ಜಾಗದಲ್ಲಿ ಟೆಕ್ನಿಷಿಯನ್ ಪ್ರತಿದಿನ ಡ್ರೈವರ್ ಹೆಸರು ಬರೆದು ಪಕ್ಕದಲ್ಲಿ 'ರಜೆ' ಅಂತ ಹಾಕಿದ್ದ. ಕೆಳಗೆ ಕೊನ್ಯಾಕ್ ಹುಡುಗನ ಸೊಟ್ಟ ಅಕ್ಷರದಲ್ಲಿ ಆ ದಿನದ ಅಳತೆ. ಆಡಿಟರ್ ಹೊರಗೆ ಹೋಗಿ ತಾವೇ ಕಡ್ಡಿ ಇಳಿಸಿ ನೋಡಿದರು. ಹಲಗೆ ಮೇಲಿದ್ದದ್ದು 412. ಕಡ್ಡಿಯಲ್ಲೂ 412.